ಒಡೆಯದ ಗುಳ್ಳೆ

ಬೆಳಿಗ್ಗೆ ಏಳು ಗಂಟೆ ಇರಬೇಕು. ಹಿತ್ತಲಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಿದ್ದೆ. ದಾಸವಾಳದ ಬೇಲಿಯಾಚೆ ಪಕ್ಕದ ಮನೆ ಅಕ್ಕನ ದನಿ ಕೇಳಿತು.

‘ಮೇಷ್ಟ್ರೇ, ಬರ್ರಿ ಇಲ್ಲಿ. ಇದನ್ನ ಯಾರು ತಿಂದಿದ್ದು ಹೇಳ್ರಿ ನೋಡಾನ.’

ಅಕ್ಕ ಗದ್ದೆಗೆ ನೀರು ನೋಡಲು ಹೋಗಿ ಬಂದಿದ್ದರು. ಕಾಲಿನ ಕೆಸರು ಇನ್ನೂ ಹಸಿ ಇತ್ತು. ಸೆರಗಿನ ತುದಿಯಲ್ಲಿ ಕಟ್ಟಿ ತಂದದ್ದನ್ನು ಬಿಚ್ಚಿ, ಬೇಲಿಯ ಕಲ್ಲುಕಂಬದ ಮೇಲೆ ಒಂದೊಂದಾಗಿ ಇಟ್ಟರು. ಐದು ಗುಳ್ಳೆ. ಗದ್ದೆಯಲ್ಲಿ, ಚಾನಲ್ ಪಕ್ಕದ ನಿಂತ ನೀರಿನಲ್ಲಿ ಇರುತ್ತವಲ್ಲ, ನಿಂಬೆಹಣ್ಣಿನ ಗಾತ್ರದ ಬಸವನಹುಳ, ಅದರ ಚಿಪ್ಪು.

ಒಂದನ್ನು ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲೂ ಬಿರುಕಿಲ್ಲ. ಅಂಚು ಕೂಡ ಮುಕ್ಕಾಗಿಲ್ಲ. ಬಾಯಿಗೆ ಇರಬೇಕಾದ ಮುಚ್ಚಳ ಮಾತ್ರ ಇಲ್ಲ, ಒಳಗೆ ತೊಳೆದಿಟ್ಟ ಬಟ್ಟಲಿನ ಹಾಗೆ ಖಾಲಿ. ಈ ಹುಳಕ್ಕೆ ಏನಾದರೂ ತಗುಲಿದರೆ ಸಾಕು, ಮೈಯನ್ನೆಲ್ಲ ಒಳಗೆ ಎಳೆದುಕೊಂಡು, ಆ ಗಟ್ಟಿ ಮುಚ್ಚಳವನ್ನು ಬಾಗಿಲು ಹಾಕಿಕೊಂಡ ಹಾಗೆ ಹಾಕಿಕೊಳ್ಳುತ್ತದೆ. ಮನುಷ್ಯರ ಉಗುರಿಗೆ ಅದು ಜಗ್ಗುವುದಿಲ್ಲ. ತೆಗೆಯಲೇಬೇಕೆಂದರೆ ಕಲ್ಲಿನಿಂದ ಜಜ್ಜಬೇಕು. ಇಲ್ಲಿ ಜಜ್ಜಿದವರು ಯಾರೂ ಇಲ್ಲ.

‘ನೀವು ಹೋದಾಗ ಗದ್ದೆಯಲ್ಲಿ ಯಾವ ಹಕ್ಕಿ ಇದ್ದವು ಅಕ್ಕ?’

‘ಕೊಕ್ಕರೆ. ಬೂದು ಮೈ, ಕರೇ ರೆಕ್ಕೆ. ಬಾಯಿ ಪೂರ್ತಿ ಮುಚ್ಚಾಕೆ ಬರಲ್ವಲ್ಲ, ಆ ಕೊಕ್ಕರೆ.’

ನಮ್ಮ ಭಾನುವಳ್ಳಿಯಲ್ಲಿ ಬಿಳಿ ಇದ್ದದ್ದೆಲ್ಲ ಬೆಳ್ಳಕ್ಕಿ, ಉದ್ದ ಕಾಲಿದ್ದದ್ದೆಲ್ಲ ಕೊಕ್ಕರೆ. ಆದರೆ ಅಕ್ಕ ಹೇಳಿದ ಗುರುತು ಸಾಕಾಗಿತ್ತು. ಅದು ಬಾಯ್ಕಳಕ. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಓದಿದ ಮೇಲೆ ಹಕ್ಕಿಗಳನ್ನು ಹೆಸರು ಹಿಡಿದು ಕರೆಯುವ ಚಟ ನನಗೆ ಹತ್ತಿದೆ. ಹೆಸರು ಗೊತ್ತಾದ ಮೇಲೆ ಹಕ್ಕಿ ಬೇರೆಯೇ ಕಾಣುತ್ತದೆ. ಬಾಯ್ಕಳಕ ಕೊಕ್ಕು ಮುಚ್ಚಿದಾಗ ಬುಡ ಕೂಡುತ್ತದೆ, ತುದಿ ಕೂಡುತ್ತದೆ, ನಡುವೆ ಮಾತ್ರ ಆಚೆಯ ಬೆಳಕು ಕಾಣುವಷ್ಟು ಸಂದು ಉಳಿಯುತ್ತದೆ. ಮೊದಲ ಸಲ ನೋಡಿದವರು ಪಾಪ, ಹಕ್ಕಿಗೆ ಏನೋ ಊನವಾಗಿದೆ ಅಂದುಕೊಳ್ಳುತ್ತಾರೆ.

ಅಕ್ಕ ಎಲೆ ಅಡಿಕೆ ಹಾಕುವವರು. ಸಂದಿನ ವಿಷಯ ಹೇಳಿದ ಕೂಡಲೆ ಎರಡು ಬೆರಳು ಬಾಗಿಸಿ ತೋರಿಸಿದರು. ‘ಅಡಕೊತ್ತು ಇದ್ದಂಗೆ ಐತಲ್ಲ! ನಡುವೆ ಇಟ್ಟು ಅಮುಕಿದ್ರೆ ಪಟಕ್ ಅಂತ ಒಡೀಬೇಕು.’

‘ಹಿಂದಿನ ಕಾಲದ ಪಂಡಿತರೂ ಹಾಗೇ ಅಂದುಕೊಂಡಿದ್ದರಕ್ಕ. ಸಂದು ಇರೋದು ಗುಳ್ಳೆ ಹಿಡಿದು ಒಡೆಯೋಕೆ ಅಂತ ಬರೆದೂ ಇಟ್ಟಿದ್ದರು. ಆದರೆ ನೀವು ತಂದ ಈ ಐದು ಗುಳ್ಳೆ ಏನು ಹೇಳ್ತವೆ?’

ಅಕ್ಕ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ‘ಒಡೆದೇ ಇಲ್ಲ.’

ಹೌದು, ಒಡೆದೇ ಇಲ್ಲ. ಗುಟ್ಟು ಕೊಕ್ಕಿನ ತುದಿಯಲ್ಲಿದೆ. ಕೆಳಗಿನ ಕೊಕ್ಕಿನ ತುದಿ ಚಾಕುವಿನಂತೆ ಸಣ್ಣಗಾಗಿ, ತುಸು ಒಂದು ಬದಿಗೆ ವಾಲಿರುತ್ತದೆ. ಹಕ್ಕಿ ನೀರಿನೊಳಗೇ ಗುಳ್ಳೆಯನ್ನು ಮೇಲಿನ ಕೊಕ್ಕಿನಿಂದ ನೆಲಕ್ಕೆ ಒತ್ತಿ ಹಿಡಿಯುತ್ತದೆ. ವಾಲಿದ ತುದಿಯನ್ನು ಮುಚ್ಚಳದ ಸಂದಿಗೆ ತೂರಿಸಿ, ಹುಳವನ್ನು ಚಿಪ್ಪಿಗೆ ಕಟ್ಟಿ ಹಿಡಿದಿರುವ ಸ್ನಾಯುವನ್ನು ಕತ್ತರಿಸಿಬಿಡುತ್ತದೆ. ಆಮೇಲೆ ಒಂದು ಸಲ ಒದರಿದರೆ ಮಾಂಸ ಹೊರಗೆ, ಚಿಪ್ಪು ಕೆಸರಿಗೆ. ಇಷ್ಟೂ ಕೆಲಸ ಕಲಕಿದ ನೀರಿನೊಳಗೆ, ಕಣ್ಣಿಗೆ ಕಾಣದೆ, ಬರೀ ಕೊಕ್ಕಿನ ಸ್ಪರ್ಶದಲ್ಲಿ. ಗುಳ್ಳೆ ದುಂಡಗಿದೆ, ಜಾರುತ್ತದೆ. ಅದನ್ನು ಜಾರದಂತೆ ಹಿಡಿಯಲು ಬಾಗಿದ ಕೊಕ್ಕು ನೆರವಾಗುತ್ತದೆ. ಮರಿಗಳ ಕೊಕ್ಕಿನಲ್ಲಿ ಸಂದು ಇರುವುದಿಲ್ಲ. ಬೆಳೆದಂತೆ ಮೂಡುತ್ತದೆ.

‘ಅಂದ್ರೆ ಕೂಸಿಗೆ ಹಲ್ಲು ಬಂದಂಗೆ,’ ಅಂದರು ಅಕ್ಕ. ಅದಕ್ಕಿಂತ ಚೆನ್ನಾಗಿ ನಾನು ಮೂವತ್ತು ವರ್ಷ ಪಾಠ ಮಾಡಿದರೂ ಹೇಳಿರಲಿಲ್ಲ.

ಅಷ್ಟರಲ್ಲಿ ಬೇಲಿಯ ದಾಸವಾಳಕ್ಕೆ ಸೂರಕ್ಕಿ ಬಂತು. ಹೆಬ್ಬೆರಳಿನಷ್ಟು ಹಕ್ಕಿ, ಕೊಂಕಿದ ಸೂಜಿಯಂಥ ಕೊಕ್ಕು. ಹೂವಿನ ಬಾಯಿಗೆ ಹೋಗಲೇ ಇಲ್ಲ. ತೊಟ್ಟಿನ ಮೇಲೆ ಕೂತು, ಹೂವಿನ ಬುಡಕ್ಕೆ ಹೊರಗಿನಿಂದಲೇ ಚುಚ್ಚಿ, ಕೊಳವೆಯಂಥ ನಾಲಿಗೆ ಇಳಿಸಿ ಮಕರಂದ ಹೀರಿ ಹೋಯಿತು. ಮಾತಿನ ನಡುವೆ ಅದು ಬಂದದ್ದು ಒಳ್ಳೆಯದೇ ಆಯಿತು. ಒಂದೇ ಬೇಲಿ ಹತ್ತಿರ, ಒಂದೇ ಗಳಿಗೆಯಲ್ಲಿ, ಗುಳ್ಳೆ ಬಿಚ್ಚುವ ಕೊಕ್ಕಿನ ಗುರುತೂ ಹೂವು ಚುಚ್ಚುವ ಕೊಕ್ಕೂ ನಮ್ಮ ಕಣ್ಣ ಮುಂದಿದ್ದವು.

ನಮ್ಮೂರಿಗೆ ಅತ್ತ ತುಂಗಭದ್ರೆ, ಇತ್ತ ಭದ್ರಾ ಚಾನಲ್. ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನೀರು 186 ಅಡಿ ಮುಟ್ಟಿತು ಅಂದರೆ ಇಲ್ಲಿ ಮಲೇಬೆನ್ನೂರು ಕಡೆಯ ಕೊನೆ ಭಾಗದ ನಮಗೆ ಊಟ ರುಚಿಸುತ್ತದೆ. ಚಾನಲ್‌ಗೆ ನೀರು ಬಿಟ್ಟ ವಾರದಲ್ಲಿ ಗದ್ದೆ ಬಯಲು ನೋಡಬೇಕು. ಟ್ರ್ಯಾಕ್ಟರ್ ಕಬ್ಬಿಣದ ಗಾಲಿ ಹಾಕಿಕೊಂಡು ಕೆಸರಿಗೆ ಇಳಿಯುತ್ತದೆ, ಹಿಂದೆಯೇ ಹಕ್ಕಿಗಳ ಜಾತ್ರೆ. ಒಂದೇ ಗದ್ದೆ, ಒಂದೇ ಕೆಸರು. ಆದರೂ ಅಷ್ಟು ಹಕ್ಕಿ ಜಗಳವಿಲ್ಲದೆ ಉಣ್ಣುತ್ತವೆ. ಯಾಕೆಂದರೆ ಒಂದರ ಕೊಕ್ಕಿಗೆ ಎಟುಕಿದ್ದು ಇನ್ನೊಂದಕ್ಕೆ ಎಟುಕುವುದಿಲ್ಲ. ಗೋವಕ್ಕಿಗೆ ಗಿಡ್ಡ ಕೊಕ್ಕು, ಗಾಲಿ ಎಬ್ಬಿಸಿದ ಮಿಡತೆ, ಕಪ್ಪೆಮರಿ ಹೆಕ್ಕಲು ಅಷ್ಟೇ ಸಾಕು. ಕರಿ ಕೆಂಬರಲಿಗೆ ಕುಡುಗೋಲಿನ ಹಾಗೆ ಬಾಗಿದ ಉದ್ದ ಕೊಕ್ಕು, ಅದು ಬದುವಿನ ಮೆತ್ತನೆ ಮಣ್ಣಿಗೆ ಪೂರ್ತಿ ಇಳಿಸಿ ಒಳಗಿನ ಹುಳ ಎಳೆಯುತ್ತದೆ. ರಾಟವಾಳಕ್ಕೆ ಮೋಟು ಕೊಕ್ಕು, ಭತ್ತದ ಸಿಪ್ಪೆ ಸುಲಿಯಲು ಹೇಳಿ ಮಾಡಿಸಿದ್ದು. ಅಕ್ಕನ ಮನೆ ಜಗಲಿ ಮೇಲೆ ಕುಡುಗೋಲು, ಕುರ್ಚಿಗಿ, ಗುದ್ದಲಿ ಒಟ್ಟಿಗೇ ಇರುತ್ತವೆ. ಗುದ್ದಲಿಯಿಂದ ತೆನೆ ಕೊಯ್ದವರನ್ನು ನಾನು ನೋಡಿಲ್ಲ.

ಕೊಳದ ಬಕದ ಬಗ್ಗೆ ಅಕ್ಕನಿಗೆ ಮೊದಲಿನಿಂದ ಅಷ್ಟಕ್ಕಷ್ಟೇ. ‘ಬಕಧ್ಯಾನ ಅಂತ ಸುಮ್ನೆ ಅಂತಾರಾ? ಕಳ್ಳ ಸನ್ಯಾಸಿ ಅದು. ನಿಂತ್ರೆ ಒಂದು ತಾಸು ನಿಂತೇ ಇರ್ತೈತೆ.’

ನನಗೆ ಮಾತ್ರ ಬಕಧ್ಯಾನ ಅನ್ನುವ ಪದವನ್ನು ಆಡಿಕೊಳ್ಳಲು ಬಳಸುವುದು ನೋವಿನ ವಿಷಯ. ಆ ಧ್ಯಾನದಲ್ಲಿ ಕಪಟವಿಲ್ಲ, ಶ್ರಮವಿದೆ. ನೀರಿಗೆ ಕೋಲು ಇಳಿಸಿದರೆ ಮುರಿದಂತೆ ಕಾಣುತ್ತದಲ್ಲ, ಮೀನೂ ಹಾಗೇ. ಇರುವುದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ. ಬಕ, ಬೆಳ್ಳಕ್ಕಿಗಳ ಜಾತಿಯವು ಈ ವ್ಯತ್ಯಾಸವನ್ನು ಲೆಕ್ಕ ಹಾಕಿ ಕುಕ್ಕುತ್ತವೆ. ಅವುಗಳ ಕಣ್ಣು ಕೂತಿರುವ ರೀತಿ ಹೇಗಿದೆಯೆಂದರೆ ಕೊಕ್ಕನ್ನು ನೆಟ್ಟಗೆ ಮುಂದಕ್ಕೆ ಚಾಚಿ ನಿಂತಿದ್ದರೂ ಕೊಕ್ಕಿನ ಕೆಳಗೆ, ತಮ್ಮ ಕಾಲ ಬುಡದಲ್ಲಿ ಏನು ಹರಿದಾಡುತ್ತಿದೆ ಅನ್ನುವುದು ಕಾಣುತ್ತದೆ. ನಾವು ತಲೆ ಬಗ್ಗಿಸಿ ನೋಡಬೇಕಾದ್ದನ್ನು ಅವು ತಲೆ ಅಲ್ಲಾಡಿಸದೆ ನೋಡುತ್ತವೆ. ಅಲ್ಲಾಡಿದರೆ ಮೀನು ಓಡುತ್ತದೆ. ಕತ್ತಿನ ನಡುವಿನ ಮೂಳೆಗಳ ಜೋಡಣೆಯಿಂದ ಬಂದ ಆ ಬಾಗು ಬಿಲ್ಲಿನ ಹಾಗೆ. ಮಡಚಿ ಇಟ್ಟುಕೊಂಡದ್ದು ಒಂದೇ ಸಲಕ್ಕೆ ಬಾಣದಂತೆ ನೆಟ್ಟಗಾಗುತ್ತದೆ. ಆ ಒಂದು ಕ್ಷಣಕ್ಕಾಗಿ ಒಂದು ತಾಸಿನ ನಿಲುವು. ಕೂತಾಗ ಕೆಸರಿನದೇ ಬಣ್ಣ. ಹಾರಿದಾಗ ಮಾತ್ರ ಅಚ್ಚ ಬಿಳಿ ರೆಕ್ಕೆ ಬಿಚ್ಚಿಕೊಂಡು, ಇಷ್ಟು ಹೊತ್ತು ಇಲ್ಲೇ ಇತ್ತೇ ಅನ್ನಿಸುತ್ತದೆ.

ಹಂಸಕ್ಷೀರದ ಮಾತೂ ಬಂತು. ಹಂಸ ಹಾಲು ನೀರು ಬೇರೆ ಮಾಡುವುದು ನಿಜವೇ ಅಂತ ಅಕ್ಕನ ಮೊಮ್ಮಗಳು ಶಾಲೆಯಲ್ಲಿ ಕೇಳಿ ಬಂದಿದ್ದಳಂತೆ. ಹಾಲನ್ನು ಯಾವ ಹಕ್ಕಿಯೂ ಸೋಸುವುದಿಲ್ಲ. ಆದರೆ ಬಾತುಕೋಳಿಯ ಕೊಕ್ಕಿನ ಒಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಸಾಲು ಇದೆ. ಕೆಸರು ನೀರು ಬಾಯಿ ತುಂಬಿಕೊಂಡು, ನಾಲಿಗೆಯಿಂದ ಒತ್ತಿ ನೀರನ್ನು ಹೊರಗೆ ಬಿಟ್ಟರೆ ಕಾಳು, ಹುಳ ಒಳಗೆ ಉಳಿಯುತ್ತವೆ. ಸೋಸುವುದಂತೂ ನಿಜ. ಅದೇ ಬಾತು ಬಾಲದ ಬುಡದ ಗ್ರಂಥಿಯಿಂದ ಎಣ್ಣೆ ತೆಗೆದು ಗರಿಗೆಲ್ಲ ಸವರಿಕೊಳ್ಳುತ್ತದೆ, ನೀರು ತಾಗುವುದಿಲ್ಲ, ತೇಲುತ್ತದೆ. ಚಾನಲ್ ಪಕ್ಕದ ಒಣಮರದ ಮೇಲೆ ನೀರುಕಾಗೆ ಮಾತ್ರ ರೆಕ್ಕೆ ಅಗಲಿಸಿ ಒಗೆದ ಬಟ್ಟೆಯಂತೆ ಒಣಗಿಸಿಕೊಳ್ಳುತ್ತ ಕೂತಿರುತ್ತದೆ. ಅದರ ಗರಿ ನೀರು ಕುಡಿಯುತ್ತದೆ. ಕುಡಿದದ್ದರಿಂದಲೇ ಗರಿಗಳ ನಡುವಿನ ಗಾಳಿ ಹೋಗಿ ಮೈ ಭಾರವಾಗಿ ಮುಳುಗಲು ಸುಲಭ. ತೇಲುವವನಿಗೆ ಒಂದು ಅಂಗಿ, ಮುಳುಗುವವನಿಗೆ ಇನ್ನೊಂದು.

‘ಅಂಗಿ ಬಿಡ್ರಿ, ಕಾಲಿನ ಮಾತು ಹೇಳ್ರಿ,’ ಅಂದರು ಅಕ್ಕ. ನಾಟಿ ಹಾಕಿ ಹಾಕಿ ಸವೆದ ಕಾಲು ಅವರದು. ‘ಹೊಸಬರು ನಾಟಿಗೆ ಇಳಿದ್ರೆ ಹಿಮ್ಮಡಿ ಊರ್ತಾರೆ. ಊರಿದ್ರೆ ಹೋಯ್ತು, ಮೊಣಕಾಲ್ ಮಟ ಕೆಸರು, ಕಾಲು ಕೀಳಾಕೆ ಎರಡು ಜನ ಬೇಕು. ಬೆರಳು ಅಗಲ ಮಾಡಿ ಮೇಲಮೇಲೆ ಇಡಬೇಕು.’

ದೇವನಕ್ಕಿ ಮಾಡುವುದು ಇದನ್ನೇ. ತಾವರೆ, ಅಂತರಗಂಗೆ ತುಂಬಿದ ಕೆರೆಯಲ್ಲಿ ಎಲೆಯ ಮೇಲೆಯೇ ಓಡಾಡುವ ಹಕ್ಕಿ ಅದು. ಕಾಲ್ಬೆರಳು, ಉಗುರು ಎಷ್ಟು ಉದ್ದವೆಂದರೆ ದೇಹಕ್ಕೆ ಜೋಡಿಸುವಾಗ ಅಳತೆ ತಪ್ಪಿತೇನೋ ಅನ್ನಬೇಕು. ಮೈಭಾರವೆಲ್ಲ ಆ ಅಗಲಕ್ಕೆ ಹಂಚಿ ಹೋಗುವುದರಿಂದ ಎಲೆ ಮುಳುಗುವುದಿಲ್ಲ. ಗಟ್ಟಿ ನೆಲದ ಮೇಲೆ ಅದೇ ಬೆರಳು ತೊಡಕು, ಕೆರೆಯಲ್ಲಿ ಅದೇ ಬೆರಳು ಬದುಕು. ಮೊಟ್ಟೆಗೆ ಕಾವು ಕೊಡುವುದು ಗಂಡು ಅಂದಾಗ ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು.

ಟಿಟ್ಟಿಭದ್ದು ಬೇರೆ ಕಥೆ. ರಾತ್ರಿ ಗದ್ದೆ ಬದುವಿನ ಮೇಲೆ ಯಾರು ನಡೆದರೂ ಊರಿಗೆಲ್ಲ ಕೂಗಿ ಹೇಳುವ ಹಕ್ಕಿ. ಆಕಾಶ ಬಿದ್ದೀತೆಂದು ಕಾಲು ಮೇಲೆ ಮಾಡಿ ಮಲಗುತ್ತದೆ ಅಂತ ಹಿರಿಯರು ಹೇಳುವುದುಂಟು. ಹಾಗೆ ಮಲಗುವುದಿಲ್ಲ. ಆದರೆ ಆ ಕಾಲನ್ನು ಜನ ಗಮನಿಸಿದ್ದಾರೆ ಅನ್ನುವುದಕ್ಕೆ ಈ ಮಾತೇ ಗುರುತು ಅಂತ ನನಗೆ ಅನ್ನಿಸುತ್ತದೆ. ಟಿಟ್ಟಿಭಕ್ಕೆ ಹಿಂಬೆರಳು ಹೆಸರಿಗಷ್ಟೇ ಇದೆ. ಕೊಂಬೆ ಹಿಡಿಯಲು ಹಿಂದಿನಿಂದ ಒತ್ತುವ ಬೆರಳು ಬೇಕು. ಅದಿಲ್ಲದ್ದರಿಂದ ಮರದ ಆಸೆ ಬಿಟ್ಟು ನೆಲದಲ್ಲೇ ಬದುಕು, ನೆಲದಲ್ಲೇ ಮೊಟ್ಟೆ. ಮೊಟ್ಟೆಗೂ ಮಣ್ಣುಹೆಂಟೆಯದೇ ಬಣ್ಣ. ಮರಕುಟಿಗನದು ಇದಕ್ಕೆ ತದ್ವಿರುದ್ಧ: ಎರಡು ಬೆರಳು ಮುಂದೆ, ಎರಡು ಹಿಂದೆ, ಜೊತೆಗೆ ಊರುಗೋಲಿನಂಥ ಬಿರುಸು ಬಾಲ. ತೆಂಗಿನ ಮರದ ಕಾಂಡಕ್ಕೆ ನೆಟ್ಟಗೆ ಅಂಟಿಕೊಂಡೇ ಇರುತ್ತದೆ. ಅದರ ತಲೆಬುರುಡೆ ಪೆಟ್ಟು ತಡೆಯುವ ಮೆತ್ತೆಯಂತೆ ಕೆಲಸ ಮಾಡುತ್ತದೆ ಅಂತ ನಾನು ಕೂಡ ಮಕ್ಕಳಿಗೆ ಹೇಳಿಕೊಟ್ಟಿದ್ದೆ. 2022ರಲ್ಲಿ ಬೆಲ್ಜಿಯಂನ ಸಂಶೋಧಕರು ವಿಡಿಯೋ ಹಿಡಿದು ಅಳೆದು ನೋಡಿದಾಗ ಅದು ಹಾಗಲ್ಲ ಅಂತ ಗೊತ್ತಾಯಿತು. ತಲೆ ಗಟ್ಟಿ ಸುತ್ತಿಗೆಯಂತೆಯೇ ಬಡಿಯುತ್ತದೆ, ಮಿದುಳು ಚಿಕ್ಕದಾದ್ದರಿಂದ ಆ ಪೆಟ್ಟನ್ನು ತಾಳಿಕೊಳ್ಳುತ್ತದೆ. ನನ್ನ ಬಳಿ ಕಲಿತ ಮಕ್ಕಳು ಈಗ ಸಿಕ್ಕರೆ ಇದನ್ನು ತಿದ್ದಿ ಹೇಳುತ್ತೇನೆ.

ಅಕ್ಕನಿಗೆ ನಾನು ಒಂದು ವಸ್ತು ತೋರಿಸಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಒಳಗೆ ಹೋಗಿ ಹಳೇ ಬಿಸ್ಕತ್ ಡಬ್ಬಿ ತಂದು ಕಂಬದ ಮೇಲೆ ಇಟ್ಟೆ. ಊರಾಚೆಯ ಪಾಳುಮನೆಯ ಅಟ್ಟದ ಕೆಳಗೆ ಸಿಕ್ಕಿದ್ದು: ಹೆಬ್ಬೆರಳಿನಷ್ಟು ದಪ್ಪ, ಕರ್ರಗೆ, ಒಣಗಿದ ಉಂಡೆ. ಅಕ್ಕ ಒಂದು ಹೆಜ್ಜೆ ಹಿಂದೆ ಸರಿದರು.

‘ಇದು ಹೊಲಸಲ್ಲ ಅಕ್ಕ. ಕಣಜ ಗೂಬೆ ಬಾಯಿಂದ ಉಗುಳಿದ ಉಂಡೆ.’

‘ಗೂಬೇನಾ?’ ಇನ್ನೊಂದು ಹೆಜ್ಜೆ ಹಿಂದೆ.

ಗೂಬೆಗೆ ಹಲ್ಲಿಲ್ಲ. ಅಕ್ಕನ ಮನೆ ಕೋಳಿಗೂ ಇಲ್ಲ. ಆದರೆ ಕೋಳಿ ಸಣ್ಣ ಸಣ್ಣ ಹರಳು ನುಂಗಿ ಹೊಟ್ಟೆಯೊಳಗೇ ಒಂದು ಬೀಸುವ ಕಲ್ಲು ಇಟ್ಟುಕೊಂಡಿದೆ; ಕಾಳು ಅಲ್ಲಿ ನುಚ್ಚಾಗುತ್ತದೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಮಾಂಸ ಕರಗುತ್ತದೆ, ಕೂದಲು ಮೂಳೆ ಕರಗುವುದಿಲ್ಲ. ಅದನ್ನು ಹೊಟ್ಟೆ ಉಂಡೆ ಕಟ್ಟಿ ವಾಪಸ್ಸು ಕೊಡುತ್ತದೆ. ನಾನು ಒಂದು ಉಂಡೆಯನ್ನು ರಾತ್ರಿಯೇ ಬೆಚ್ಚನೆ ನೀರಲ್ಲಿ ನೆನೆಸಿ, ಪಿನ್ನಿನಿಂದ ಬಿಡಿಸಿ, ಬಿಳಿ ಹಾಳೆಯ ಮೇಲೆ ಹರಡಿ ಒಣಗಿಸಿದ್ದೆ. ಆ ಹಾಳೆ ಬಿಚ್ಚಿದೆ. ಸೂಜಿಯಂಥ ಪಕ್ಕೆಲುಬು, ಅಕ್ಕಿಕಾಳಿನಂಥ ಬೆನ್ನುಮೂಳೆಯ ತುಂಡು, ಮತ್ತು ಮೂರು ಪುಟ್ಟ ತಲೆಬುರುಡೆ. ಒಂದೊಂದರ ಮುಂದೂ ಕೇಸರಿ ಬಣ್ಣದ ಬಾಗಿದ ಹಲ್ಲು.

ಹಲ್ಲು ನೋಡಿದ ಕೂಡಲೆ ಅಕ್ಕ ಮುಂದೆ ಬಂದರು. ಆ ಹಲ್ಲು ಅವರಿಗೆ ಗೊತ್ತು. ಹೊಡೆ ತುಂಬಿದ ಭತ್ತವನ್ನು ಬುಡದಲ್ಲಿ ಓರೆಯಾಗಿ ಕತ್ತರಿಸಿ ಕೆಡವುವ ಹಲ್ಲು ಅದು. ‘ಮೂರು! ಒಂದ್ ಉಂಡೇಲಿ ಮೂರು ಇಲಿ!’ ಬೆರಳಿನಿಂದ ಒಂದು ಬುರುಡೆಯನ್ನು ಮುಟ್ಟಿ, ಆಮೇಲೆ ಎತ್ತಿ ಅಂಗೈ ಮೇಲೆ ಇಟ್ಟುಕೊಂಡರು.

ಗೂಬೆಯ ಮೈಯ ಅರ್ಧ ಕತ್ತಲೆಗಾಗಿ, ಇನ್ನರ್ಧ ಸದ್ದಿಗಾಗಿ. ಆ ತಟ್ಟೆಯಂಥ ಬಿಳಿ ಮುಖ ಅಂದಕ್ಕಲ್ಲ, ಸದ್ದನ್ನು ಹಿಡಿದು ಕಿವಿಗೆ ತಿರುಗಿಸಲು. ಕಿವಿಯ ತೂತು ಎರಡೂ ಒಂದೇ ಮಟ್ಟದಲ್ಲಿಲ್ಲ, ಒಂದು ಮೇಲೆ, ಒಂದು ಕೆಳಗೆ. ಒಂದು ಕಿವಿಗೂ ಇನ್ನೊಂದಕ್ಕೂ ಬೀಳುವ ಸದ್ದಿನ ಕಿಂಚಿತ್ ವ್ಯತ್ಯಾಸದಿಂದಲೇ ಇಲಿ ಎಡಕ್ಕೋ ಬಲಕ್ಕೋ, ಮೇಲೋ ಕೆಳಗೋ ತಿಳಿಯುತ್ತದೆ. ಒಂದು ಚೂರೂ ಬೆಳಕಿಲ್ಲದ ಕೋಣೆಯಲ್ಲಿ ಇಟ್ಟು ಪರೀಕ್ಷಿಸಿದ್ದಾರೆ; ಬರೀ ಸರಬರ ಸದ್ದಿನ ಮೇಲೆಯೇ ಇಲಿ ಹಿಡಿದಿದೆ. ತನ್ನ ರೆಕ್ಕೆಯ ಸದ್ದು ತನ್ನ ಕಿವಿಗೇ ಅಡ್ಡ ಬರಬಾರದಲ್ಲ, ಅದಕ್ಕೆ ರೆಕ್ಕೆಯ ಮುಂದಂಚಿಗೆ ಬಾಚಣಿಗೆಯಂಥ ಕುಚ್ಚು. ಗಾಳಿ ಅಲ್ಲೇ ಸೀಳಿ ಸದ್ದಡಗುತ್ತದೆ. ತೆಂಗಿನಗರಿ ಅಲ್ಲಾಡಿದಷ್ಟೂ ಸದ್ದಾಗುವುದಿಲ್ಲ.

‘ನಮ್ಮತ್ತೆ ಇದ್ದಾಗ ಕಣಜದ ಮನೇಲಿ ಗೂಬೆ ಕೂತಿತ್ತು ಅಂತ ಶಾಂತಿ ಮಾಡ್ಸಿದ್ರು. ಹೊಗೆ ಹಾಕಿ ಓಡ್ಸಿದ್ರು,’ ಅಂದರು ಅಕ್ಕ, ಬುರುಡೆಯನ್ನು ಹಾಳೆಯ ಮೇಲೆ ಮೆಲ್ಲಗೆ ಇಡುತ್ತ. ‘ಆ ವರ್ಷ ಇಲಿ ಕಾಟ ಹೆಂಗಿತ್ತು ಅಂತ ಈಗ ನೆನಪಿಲ್ಲ.’ ಸ್ವಲ್ಪ ಹೊತ್ತು ಸುಮ್ಮನಿದ್ದರು. ತಪ್ಪು ಮಾಡಿದ್ದು ಯಾರೋ, ನಾವು ಗೂಬೆ ಕೂರಿಸುವುದು ಇನ್ನಾರ ಮೇಲೋ. ಆ ಹಕ್ಕಿಯ ಹೆಸರಿನಲ್ಲೇ ಕಣಜ ಇದೆ.

‘ದೇವ್ರು ಅಳತೆ ತಗೊಂಡು ಹೊಲಿದು ಕೊಟ್ಟಂಗೆ ಐತೆ ನೋಡ್ರಿ ಒಂದೊಂದಕ್ಕೂ,’ ಅಂದರು ಅಕ್ಕ.

ಆ ಮಾತಿಗೆ ನಾನು ಎದುರಾಡಲಿಲ್ಲ. ಆದರೆ ಅಳತೆ ಹೇಗೆ ಬದಲಾಗುತ್ತದೆ ಅನ್ನುವುದನ್ನು ಗಂಡ ಹೆಂಡತಿ ಇಬ್ಬರು ಕಣ್ಣಾರೆ ಕಂಡಿದ್ದಾರೆ, ಅದನ್ನು ಹೇಳದೆ ಬಿಡಲೂ ಆಗಲಿಲ್ಲ. ಪೀಟರ್ ಮತ್ತು ರೋಸ್‌ಮೆರಿ ಗ್ರಾಂಟ್ ಅಂತ ಅವರ ಹೆಸರು. ಗಲಪಗಸ್ ದ್ವೀಪಗಳಲ್ಲಿ ಡಾಫ್ನೆ ಮೇಜರ್ ಅನ್ನುವ ಒಂದು ಬರಡು ಬಂಡೆದ್ವೀಪ. 1973ರಿಂದ ಅಲ್ಲಿಗೆ ವರ್ಷ ವರ್ಷ ಹೋಗಿ, ಗುಬ್ಬಚ್ಚಿಯಷ್ಟು ದೊಡ್ಡ ಫಿಂಚ್ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ಹಾಕಿ, ಕೊಕ್ಕು ಅಳೆದು ಬಿಟ್ಟರು. 1977ರಲ್ಲಿ ಬರ ಬಿತ್ತು. ಮೆತ್ತನೆ ಸಣ್ಣ ಬೀಜವೆಲ್ಲ ಮೊದಲು ಮುಗಿಯಿತು. ಕೊನೆಗೆ ಉಳಿದದ್ದು ಏನು ಗೊತ್ತೇ? ನಮ್ಮ ನೆಗ್ಗಿಲುಮುಳ್ಳಿನ ದಾಯಾದಿ.

‘ನೆಗ್ಗಿಲಾ? ಕಾಲಿಗೆ ಚುಚ್ತೈತಲ್ಲ, ಅದಾ?’

ಅದೇ ಜಾತಿ. ಆ ಮುಳ್ಳುಕಾಯಿ ಒಡೆದು ಬೀಜ ತೆಗೆಯಲು ದಪ್ಪ ಕೊಕ್ಕು ಬೇಕು. ಕೊಕ್ಕು ಅರ್ಧ ಮಿಲಿಮೀಟರಿನಷ್ಟು ಹೆಚ್ಚು ದಪ್ಪಗಿದ್ದವು ಉಳಿದವು, ತೆಳ್ಳಗಿದ್ದವು ಹಸಿವಿನಿಂದ ಸತ್ತವು. ಬದುಕಿದವುಗಳ ಮರಿಗಳಿಗೂ ದಪ್ಪ ಕೊಕ್ಕೇ ಬಂತು. ಮುಂದೆ 1983ರಲ್ಲಿ ಬಿಡದೆ ಮಳೆ ಸುರಿದು ಸಣ್ಣ ಬೀಜದ ಬಳ್ಳಿಗಳು ದ್ವೀಪವನ್ನೇ ಮುಚ್ಚಿದವು. ಆಮೇಲೆ ಸಣ್ಣ ಕೊಕ್ಕಿನವಕ್ಕೆ ಕಾಲ ಬಂತು. ಯಾವ ಹಕ್ಕಿಯೂ ತನಗೆ ಬೇಕು ಅಂತ ಕೊಕ್ಕು ಬೆಳೆಸಿಕೊಳ್ಳಲಿಲ್ಲ. ನೆಲ ಏನು ಕೊಟ್ಟಿತೋ ಅದನ್ನು ತಿನ್ನಬಲ್ಲವು ಉಳಿದವು.

ಅಕ್ಕ ಗುಳ್ಳೆ ಸಾಲಿನ ಕಡೆ ನೋಡುತ್ತಿದ್ದರು. ಬರ ಅನ್ನುವ ಪದವನ್ನು ಕೊನೆ ಭಾಗದ ರೈತರ ಮುಂದೆ ಸುಮ್ಮನೆ ಆಡುವ ಹಾಗಿಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ಗದ್ದೆ ಬಿರಿದದ್ದು ಅವರಿಗೂ ಗೊತ್ತು, ನನಗೂ ಗೊತ್ತು.

‘ಹಂಗಾರೆ ಈ ಬಾಯಿ ತೆರೆದ ಕೊಕ್ಕರೆಗೆ ಗುಳ್ಳೆ ಸಿಗಲಿಲ್ಲ ಅಂದ್ರೆ?’

ಕಪ್ಪೆ, ಏಡಿ ಒಂದಿಷ್ಟು ತಿನ್ನುತ್ತದೆ. ಆದರೆ ಆ ಕೊಕ್ಕು ಬಂದದ್ದು ಗುಳ್ಳೆಗೆ. ಹಾರಿಕೊಂಡು ಗುಳ್ಳೆ ಇರುವ ಕಡೆ ಹೋಗುತ್ತದೆ, ನೂರಾರು ಮೈಲಿ ಆದರೂ. ಹೋದ ಕಡೆಯೂ ಇಲ್ಲದಿದ್ದರೆ ಕಷ್ಟ. ಗಲಪಗಸ್‌ನ ಹಕ್ಕಿಗೆ ಅರ್ಧ ಮಿಲಿಮೀಟರ್ ಸಾಕಾಯಿತು. ಇದು ಅಷ್ಟಕ್ಕೆ ಮುಗಿಯುವ ಬದಲಾವಣೆಯಲ್ಲ.

ನಾನು ಈ ಮಾತಿಗೆ ಯಾಕೆ ಬಂದೆನೆಂದರೆ, ನಮ್ಮ ಪಕ್ಕದಲ್ಲೇ ಒಂದು ಹಕ್ಕಿಗೆ ಹೀಗೆ ಒಮ್ಮೆ ಆಗಿ ಹೋಗಿದೆ. ಹರಿಹರದ ಸೇತುವೆ ದಾಟಿ ಹೆದ್ದಾರಿ ಹಿಡಿದರೆ ರಾಣೆಬೆನ್ನೂರು. ಅಲ್ಲಿ 1974ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯವಾಯಿತು. ಆ ಬಯಲಲ್ಲಿ ಎರೆಭೂತ ಇತ್ತು. ಆಳೆದೆಯೆತ್ತರದ ಹಕ್ಕಿ, ಗಂಡಾದರೆ ಹತ್ತು ಹದಿನೈದು ಕೆ.ಜಿ. ತೂಗುವ ಮೈ. ಕಾಲಿಗೆ ಮೂರೇ ಬೆರಳು, ಮೂರೂ ಮುಂದಕ್ಕೆ. ಹಿಂಬೆರಳು ಇಲ್ಲವೇ ಇಲ್ಲ. ಮರ ಹತ್ತುವ ಮಾತಿಲ್ಲ, ಗಿಡ್ಡ ಹುಲ್ಲಿನ ಬಯಲಲ್ಲಿ ನಡೆಯಲು, ದೂರದ ನರಿಯನ್ನು ಕತ್ತೆತ್ತಿ ನೋಡಲು ಆದ ದೇಹ. ಮಿಡತೆ, ಹಾವುರಾಣಿ, ಕಾಳು ಎಲ್ಲವನ್ನೂ ನಡೆಯುತ್ತಲೇ ಹೆಕ್ಕುತ್ತದೆ. ಆ ಬಯಲಿನ ಬಹುಪಾಲು ನೀಲಗಿರಿ ನೆಡುತೋಪಾಯಿತು. ಮರ ನೆಡುವುದು ಒಳ್ಳೆಯ ಕೆಲಸ ಅಂತಲೇ ನೆಟ್ಟಿರಬೇಕು. ಆದರೆ ತೋಪಿನೊಳಗೆ ಆ ಕಾಲಿಗೆ, ಆ ಕಣ್ಣಿಗೆ ಏನು ಕೆಲಸ? ಇವತ್ತು ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಇಡೀ ಜಗತ್ತಿನ ಬಯಲುಗಳಲ್ಲೇ ಇನ್ನೂರು ತುಂಬುವುದಿಲ್ಲ. ಇನ್ನೊಂದು ಸಂಕಟ ನೋಡಿ. ಎರೆಭೂತದ ಕಣ್ಣು ತಲೆಯ ಎರಡು ಪಕ್ಕಕ್ಕೆ ಇದೆ. ಹಾರುತ್ತ ನೆಲ ನೋಡಲು ತಲೆ ಬಗ್ಗಿಸಿದರೆ ಎದುರಿನದು ಕಾಣುವುದೇ ಇಲ್ಲ. ಲಕ್ಷಾಂತರ ವರ್ಷ ಬಯಲ ಮೇಲೆ ಹಾರುವಾಗ ಎದುರಿಗೆ ಏನೂ ಇರಲಿಲ್ಲ, ನಡೆಯಿತು. ಈಗ ಕರೆಂಟ್ ತಂತಿ ಇದೆ. ತಂತಿಯನ್ನು ನೆಲದೊಳಗೆ ಹಾಕುವ ವಿಚಾರ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು.

ಎರೆಭೂತವನ್ನು ನಾನು ಕಂಡಿಲ್ಲ. ನಮ್ಮ ತಂದೆ ಆ ಕಡೆ ದನದ ಸಂತೆಗೆ ನಡೆದು ಹೋಗುತ್ತಿದ್ದವರು. ಬಯಲಲ್ಲಿ ಯಾರೋ ಕಂಬಳಿ ಹೊದ್ದು ನಿಂತ ಹಾಗೆ ಕಾಣುತ್ತಿತ್ತು, ಹತ್ತಿರ ಹೋದರೆ ಹಕ್ಕಿ, ಅನ್ನುತ್ತಿದ್ದರು. ಆ ಒಂದು ಮಾತು ನನ್ನ ಪಾಲಿಗೆ ಉಳಿದಿದೆ.

ಅಕ್ಕ ಏನೂ ಅನ್ನಲಿಲ್ಲ. ಅವರ ಮನಸ್ಸಿನಲ್ಲಿ ಓಡುತ್ತಿದ್ದುದು ನನಗೆ ಗೊತ್ತಿತ್ತು. ಮಗ ಎರಡು ವರ್ಷದಿಂದ ಅಡಿಕೆ ಅಡಿಕೆ ಅನ್ನುತ್ತಿದ್ದಾನೆ. ಚನ್ನಗಿರಿ ಕಡೆಯಿಂದ ಶುರುವಾಗಿ ಈ ಭಾಗದಲ್ಲೂ ಭತ್ತದ ಗದ್ದೆಗಳು ಒಂದೊಂದಾಗಿ ತೋಟವಾಗುತ್ತಿವೆ. ಅವನದೂ ತಪ್ಪಲ್ಲ. ಭತ್ತಕ್ಕೆ ಹಾಕಿದ ಖರ್ಚು ಎತ್ತುವುದೇ ಕಷ್ಟ, ನಾಟಿಗೆ ಆಳು ಸಿಗುವುದಿಲ್ಲ, ಅಡಿಕೆಗೆ ಕೈ ತುಂಬ ದುಡ್ಡು. ಹಕ್ಕಿಗೋಸ್ಕರ ಭತ್ತ ಬೆಳೆಯಿರಿ ಅಂತ ಯಾವ ರೈತನಿಗೂ ನಾನು ಹೇಳಲಾರೆ. ಹೇಳುವ ಅಧಿಕಾರ ನನಗಿಲ್ಲ. ಪಿಂಚಣಿ ಬರುವವನು ನಾನು. ಆದರೆ ಬದುವಿನ ಮೇಲೆ ನಿಂತು ನೋಡುವಾಗ, ನಿಂತ ನೀರು ಒಣಗಿ, ಗುಳ್ಳೆ ಹೋಗಿ, ಆ ಬೂದು ಹಕ್ಕಿಗಳು ಒಂದು ವರ್ಷ ಬಂದು, ಸುತ್ತು ಹೊಡೆದು, ಇಳಿಯದೆ ಹೋಗುವ ದಿನ ಕಣ್ಣ ಮುಂದೆ ಬರುತ್ತದೆ. ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗುತ್ತದೆ.

‘ಮೇಲಿನ ಗದ್ದೆ ಅವನು ಏನಾರ ಮಾಡ್ಕೊಳ್ಳಲಿ,’ ಅಂದರು ಅಕ್ಕ ಕೊನೆಗೆ. ‘ಚಾನಲ್ ಬಸಿನೀರು ಬಂದು ನಿಲ್ತೈತಲ್ಲ, ತಗ್ಗಿನ ಗದ್ದೆ, ಅದನ್ನ ಮುಟ್ಬೇಡ ಅಂತ ಹೇಳ್ತೀನಿ. ಅಲ್ಲಿ ಅಡಿಕೆ ಹಾಕಿದ್ರೆ ಬೇರು ಕೊಳೀತಾವೆ. ನೀರು ನಿಂತ ಕಡೆ ಅಡಿಕೆ ಬರ್ತೈತೇನ್ರಿ?’

‘ಬರಲ್ಲ ಅಕ್ಕ.’

‘ಮತ್ತೆ? ಅದು ಭತ್ತದ ನೆಲ.’

ಆ ತಗ್ಗಿನ ಗದ್ದೆಯಲ್ಲೇ ಈ ಐದು ಗುಳ್ಳೆ ಸಿಕ್ಕಿದ್ದು. ನಾನು ಅದನ್ನು ನೆನಪಿಸಲು ಹೋಗಲಿಲ್ಲ. ಅಕ್ಕ ನಾಲ್ಕು ಗುಳ್ಳೆಯನ್ನು ನನ್ನ ಡಬ್ಬಿಯಲ್ಲಿ ಇಲಿ ಬುರುಡೆಗಳ ಪಕ್ಕಕ್ಕೆ ಹಾಕಿದರು. ಒಂದನ್ನು ಮೊಮ್ಮಗಳಿಗೆ ಅಂತ ಸೆರಗಿಗೆ ಕಟ್ಟಿಕೊಂಡರು. ಅಷ್ಟರಲ್ಲಿ ಅವರ ಅಡುಗೆಮನೆಯಿಂದ ಹಾಲು ಸೀದ ವಾಸನೆ ಬಂತು. ‘ಅಯ್ಯೋ ನಮ್ಮವ್ವ, ಒಲೆ ಮೇಲೆ ಇಟ್ಟು ಬಂದಿದ್ದೆ!’ ಅಂದವರೇ ಕೆಸರುಗಾಲಲ್ಲೇ ಒಳಗೆ ಓಡಿದರು.